ಹಿಂದಿನ ಸೀಟಿನ ಅಭಿಪ್ರಾಯ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಗಾಜು ಉಜ್ಜುತ್ತಿದ್ದ ಪವರಣ್ಣ, ಐವತ್ತೊಂದನೇ ವಯಸ್ಸಿನಲ್ಲಿ ದೊಡ್ಡ ಬೈಕು ಕೊಳ್ಳಲು ಹೊರಟ. ಪವರಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಳೆಯ ಗಾಜನ್ನು ಬೆಳಕಿಗೆ ಹಿಡಿದೇ ಅದರ ಪವರ್ ಎಷ್ಟೆಂದು ಹೇಳಿಬಿಡುತ್ತಾನೆಂದು ಅಂಗಡಿಯವರು ಕಟ್ಟಿದ್ದು. ಮನುಷ್ಯನಲ್ಲಿ ಮಾತ್ರ ಪವರ್ ಹೆಸರಿಗಷ್ಟೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಕ್ಷಮೆ ಕೇಳುವ ಪೈಕಿ.

ಹಾಸಿಗೆ ಹಿಡಿದ ತಾಯಿಯನ್ನು ಹದಿನೆಂಟು ವರ್ಷ ನೋಡಿಕೊಂಡವನು ಅವನು. ಮದುವೆಯ ಮಾತು ಮೊದಮೊದಲು ಮುಂದಕ್ಕೆ ಹೋಯಿತು, ಆಮೇಲೆ ನಿಂತೇ ಹೋಯಿತು. ತಾಯಿ ತೀರಿಕೊಂಡ ಮೇಲೆ ಭಾನುವಾರವೆಂದರೆ ಅವನಿಗೆ ಭಯ. ಬೆಳಗ್ಗೆ ಬಟ್ಟೆ ಒಗೆದು ಹರವಿದರೆ ದಿನದ ಕೆಲಸ ಮುಗಿಯಿತು, ದಿನ ಮಾತ್ರ ಮುಗಿಯುತ್ತಿರಲಿಲ್ಲ. ಅವನ ಹತ್ತಿರ ಹಳೆಯದೊಂದು ಸಣ್ಣ ಬೈಕಿತ್ತು. ಔಷಧಿ, ತರಕಾರಿ ಚೀಲ ಬಿಟ್ಟರೆ ಅದರ ಹಿಂದಿನ ಸೀಟಿನಲ್ಲಿ ಏನೂ ಕೂತಿರಲಿಲ್ಲ. ಎಲ್ಲಿಗಾದರೂ ದೂರ ಹೋಗಿಬರಬೇಕು ಅನ್ನಿಸಿತು. ಓಟವೂ ಇರಬೇಕು, ದಿನವಿಡೀ ಓಡಿಸಿದರೂ ಬೆನ್ನು ಮುರಿಯಬಾರದು, ಅಂಥ ಟೂರಿಂಗ್ ಬೈಕು ಯಾರಾದರೂ ಬಳಸಿದ್ದು ಸಿಕ್ಕರೆ ಸಾಕು ಎಂದು ಹುಡುಕತೊಡಗಿದ.

ಮೊದಲು ನೋಡಿದ್ದು ಡ್ರೈವಿಂಗ್ ಶಾಲೆಯ ಮೇಷ್ಟ್ರ ಗಾಡಿ. ಮೇಷ್ಟ್ರು ಪಾಠಕ್ಕೇ ನಿಂತರು. "ಎಷ್ಟು ವರ್ಷದ್ದು ಅಂತ ನೋಡ್ಬೇಡಿ ಸಾರ್, ಎಷ್ಟು ಓಡಿದೆ ಅಂತಾನೂ ನೋಡ್ಬೇಡಿ. ಚೈನ್ ನೋಡಿ. ಚೈನ್‌ಗೆ ಎಣ್ಣೆ ಬಿಡೋಕೆ ಸೋಮಾರಿತನ ಮಾಡಿದೋನು ಬೇರೆ ಯಾವುದನ್ನೂ ನೋಡ್ಕೊಂಡಿರಲ್ಲ." ಆಮೇಲೆ ಸಹಜವಾಗಿ ಕೇಳಿದರು, "ಓಡಿಸೋದು ಒಬ್ರೇನಾ, ಮನೆಯವರೂ ಬರ್ತಾರಾ?"

ಒಬ್ಬನೇ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಮೇಷ್ಟ್ರ ಹೆಂಡತಿ ಕಿಟಕಿಯಲ್ಲಿ ನಿಂತು ನಗುತ್ತಿದ್ದಳು, ಅಂಗಳದ ತಂತಿಯ ಮೇಲೆ ಇಡೀ ಸಂಸಾರದ ಬಟ್ಟೆ ಹಾರಾಡುತ್ತಿತ್ತು. ಪವರಣ್ಣನ ಬಾಯಿಗೆ ಬಂದದ್ದು, "ಅವಳೂ ಬರ್ತಾಳೆ."

"ಹಾಗಾದ್ರೆ ಇದು ಬೇಡ," ಅಂದರು ಮೇಷ್ಟ್ರು. "ಹಿಂದೆ ಕೂರೋರಿಗೆ ಇದು ಶಿಕ್ಷೆ."

ಒಳ್ಳೆಯ ಗಾಡಿಯೊಂದು ಕೈತಪ್ಪಿತು. ಹಾಗಿದ್ದರೂ ಪವರಣ್ಣ ಅವತ್ತು ಹಗುರಾಗಿ ಮನೆಗೆ ಬಂದ.

ಎರಡನೆಯ ಗಾಡಿ ಒಬ್ಬ ಬೇಕರಿಯವನದು. ಅವನ ತಲೆಯಲ್ಲಿ ಇದ್ದದ್ದೆಲ್ಲ ಗಾಳಿಯ ಚಿಂತೆ. "ಮುಂದಿನ ಗಾಜು ಗಿಡ್ಡ ಇದ್ರೆ ಗಾಳಿ ನಿಮ್ಮ ಹೆಗಲು ದಾಟಿ ಸೀದಾ ಹಿಂದಿನವರ ಮುಖಕ್ಕೆ ಹೊಡಿಯತ್ತೆ. ನಿಮ್ಮವರು ಎಷ್ಟು ಎತ್ತರ?" ಪವರಣ್ಣ ಒಂದು ಕ್ಷಣ ಯೋಚಿಸಿ, "ನನ್ನ ಭುಜದವರೆಗೆ," ಅಂದ. ಮೂರನೆಯದು ಆಸ್ಪತ್ರೆಯ ಕಾಂಪೌಂಡರನದು. ಅವನು ಫುಟ್‌ರೆಸ್ಟು ತೋರಿಸಿ, "ಇದು ರೇಸ್ ಗಾಡಿ ಥರ ಮೇಲಿದೆ ಅಣ್ಣಾ, ಹಿಂದೆ ಕೂರೋರ ಮಂಡಿ ಗಲ್ಲಕ್ಕೆ ಬರತ್ತೆ. ಅತ್ತಿಗೆಗೆ ಮಂಡಿ ನೋವೇನಾದ್ರೂ ಇದ್ಯಾ?" ಎಂದ. ಅತ್ತಿಗೆ! ಆ ಮಾತನ್ನು ಪವರಣ್ಣ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ. "ಎಡಗಡೆದು ಸ್ವಲ್ಪ," ಅಂದ.

ಹೀಗೆ ಆರು ವಾರದಲ್ಲಿ ಅವಳಿಗೆ ಎತ್ತರ ಬಂತು, ಮಂಡಿ ನೋವು ಬಂತು, ಗಾಳಿಗೆ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ಬಂತು. ಕೆಂಪು ಬೈಕೆಂದರೆ ಅವಳು ಮೂಗು ಮುರಿಯುತ್ತಿದ್ದಳು. ಊಟಕ್ಕೆ ಕೂತಾಗ ಪವರಣ್ಣ, "ನಿನ್ನಿಂದ ಇನ್ನೊಂದು ಗಾಡಿ ಹೋಯ್ತು ನೋಡು," ಎಂದು ಜಗಳ ತೆಗೆಯುತ್ತಿದ್ದ. ಗೋಡೆಗೆ ಮಾತಾಡುತ್ತಿದ್ದೇನೆಂದು ಅವನಿಗೇನು ತಿಳಿಯದೆ ಇರಲಿಲ್ಲ, ಹುಚ್ಚನಲ್ಲ ಅವನು. ಆದರೆ ಹಾಗೆ ಜಗಳವಾಡಿದ ದಿನ ಎರಡು ತುತ್ತು ಹೆಚ್ಚಿಗೆ ಸೇರುತ್ತಿತ್ತು.

ನಾಲ್ಕನೆಯ ಗಾಡಿ ನಿವೃತ್ತ ಸರ್ವೇಯರರದು. ಕಡುನೀಲಿ, ಎರಡೂ ಪಕ್ಕ ಪೆಟ್ಟಿಗೆ, ಹಿಂದಿನ ಸೀಟಿನವರ ಬೆನ್ನಿಗೆ ಮೆತ್ತನೆಯ ಒರಗು. ಚೈನು ಹೊಳೆಯುತ್ತಿತ್ತು. ಸರ್ವೇಯರರಿಗೆ ಒಳಕಿವಿಯ ಕಾಯಿಲೆ. ಎದ್ದು ನಿಂತರೆ ನೆಲ ತಿರುಗುತ್ತದೆ, ಹಾಗಾಗಿ ಮಾರಾಟ. ಅವರು ಜಗುಲಿಯ ಕುರ್ಚಿ ಬಿಟ್ಟೇಳಲಿಲ್ಲ. ಗಾಡಿಯ ಪಕ್ಕ ನಿಂತು ಮಾತಾಡಿದ್ದೆಲ್ಲ ಅವರ ಹೆಂಡತಿ.

"ಹದಿನಾಲ್ಕು ವರ್ಷ ಇದರ ಹಿಂದೆ ಕೂತಿದೀನಿ," ಅಂದರು ಆಕೆ. "ಗಾಡಿ ತಗೊಳೋ ಗಂಡಸರು ಇಂಜಿನ್ ಕೇಳ್ತಾರೆ, ಬ್ರೇಕ್ ಕೇಳ್ತಾರೆ. ಹಿಂದೆ ಕೂತೋರ ಅಭಿಪ್ರಾಯ ಒಬ್ರೂ ಕೇಳಲ್ಲ. ನಿಮ್ಮ ಮನೆಯವರನ್ನ ಕರ್ಕೊಂಡ್ಬನ್ನಿ, ಕೂತು ನೋಡ್ಲಿ. ಅವರು ಒಪ್ಪಿದ್ರೆ ಗಾಡಿ ನಿಮ್ಮದು."

"ಅವಳು ಅಕ್ಕನ ಮನೆಗೆ ಹೋಗಿದಾಳೆ."

"ಮುಂದಿನ ವಾರ ಬನ್ನಿ."

"ಬರೋದು ತಡ ಆಗತ್ತೆ."

ಆಕೆ ಅವನನ್ನೇ ಒಂದು ಗಳಿಗೆ ನೋಡಿದರು. "ಸರಿ, ನಾನೇ ಕೂರ್ತೀನಿ. ಭಾರ ಇಟ್ಕೊಂಡು ಓಡಿಸಿದ್ರೇನೇ ಗಾಡಿ ಅರ್ಥ ಆಗೋದು," ಎಂದು ಒಳಗೆ ಹೋಗಿ ಎರಡು ಹೆಲ್ಮೆಟ್ಟು ತಂದರು.

ಗಾಡಿ ಗೇಟು ದಾಟಿತು. ಆಕೆಯ ಎರಡು ಕೈಗಳು ಪವರಣ್ಣನ ಸೊಂಟದ ಪಕ್ಕದಲ್ಲಿ ಅಂಗಿಯನ್ನು ಹಿಡಿದುಕೊಂಡಿದ್ದವು. ಅಷ್ಟೇ, ಅಂಗಿಯ ಅಂಚು. ಆದರೂ ಅವನಿಗೆ ಬೇರೇನೂ ಗೊತ್ತಾಗಲಿಲ್ಲ. ಇಂಜಿನ್ನಿನ ಸದ್ದು ಕೇಳುವುದನ್ನೂ ಮರೆತ. ತಾಯಿಯನ್ನು ಕೊನೆಯ ಸಲ ಎತ್ತಿ ಕೂರಿಸಿದ್ದು ಎರಡು ವರ್ಷದ ಹಿಂದೆ. ಅಂದಿನಿಂದ ಅವನನ್ನು ಯಾರೂ ಹಿಡಿದುಕೊಂಡಿರಲಿಲ್ಲ.

ನೀರಿನ ಟ್ಯಾಂಕಿನ ಬಳಿ ಆಕೆ ಭುಜ ತಟ್ಟಿ ನಿಲ್ಲಿಸಲು ಹೇಳಿದರು. ಇಳಿದು ಹೆಲ್ಮೆಟ್ಟು ತೆಗೆದರು.

"ನಿಮ್ಮ ಹಿಂದೆ ಯಾವತ್ತೂ ಯಾರೂ ಕೂತಿಲ್ಲ," ಅಂದರು.

ಪವರಣ್ಣ ಇಂಜಿನ್ ಆರಿಸಿದ.

"ನಾನು ಕಾಲು ಇಡೋ ಮೊದಲೇ ಹೊರಟ್ರಿ. ಹೋಗ್ಲಿ, ಅವಸರ ಅಂದ್ಕೊಂಡೆ. ಬ್ರೇಕ್ ಹಾಕಿದಾಗ ನನ್ನ ಹೆಲ್ಮೆಟ್ ನಿಮ್ಮದಕ್ಕೆ ಬಡೀತು. ಎಲ್ಲ ಗಂಡ ಹೆಂಡ್ತಿಗೂ ಬಡಿಯತ್ತೆ. ಆದ್ರೆ ನೀವು ಪ್ರತಿ ಸಲ ಬೆಚ್ಚಿಬಿದ್ರಿ." ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ಚೆನ್ನಾಗಿತ್ತು ಎಂದುಕೊಂಡ ಪವರಣ್ಣ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆಕೆ ಮತ್ತೇನೂ ಕೇಳದೆ ಹಿಂದೆ ಹತ್ತಿ ಕೂತು, "ಕೂತೆ, ಈಗ ಹೊರಡಿ," ಅಂದರು.

ಮನೆ ತಲುಪುವ ಹೊತ್ತಿಗೆ ಸರ್ವೇಯರರು ಕುರ್ಚಿಯ ಅಂಚಿಗೆ ಬಂದಿದ್ದರು. "ಹೆಂಗಿದೆ? ಇಬ್ರಿಗೂ ಸರಿಹೋಗತ್ತಾ?"

ಪವರಣ್ಣ ಬಾಯಿ ತೆರೆಯುವ ಮೊದಲೇ ಆಕೆ, "ಗಾಡಿ ಇವರಿಗೆ ಇಷ್ಟ ಆಗಿದೆ ರೀ. ಮನೆಯವರಿಗೆ ಮಂಡಿ ನೋವಂತೆ, ಹತ್ತೋದು ಕಷ್ಟ ಆಗ್ಬಹುದು. ಕೇಳ್ಕೊಂಡು ಹೇಳ್ತಾರಂತೆ," ಅಂದುಬಿಟ್ಟರು. ಮಂಡಿ ನೋವಿನ ಸುದ್ದಿಯನ್ನು, ಗಾಡಿ ನೋಡಲು ಬರುವ ಮೊದಲು ಫೋನಿನಲ್ಲಿ ಅವನು ತಾನೇ ಆಕೆಗೆ ಹೇಳಿದ್ದ. ಮಾನ ಉಳಿಸಿಕೊಂಡು ಹೋಗಲೆಂದು ಆಕೆ ದಾರಿ ಬಿಟ್ಟುಕೊಟ್ಟಿದ್ದರು. ಕಾಲು ಕಿತ್ತರೆ ಆಗಿತ್ತು.

"ಮಂಡಿ ನೋವಾ? ಅಷ್ಟೇನಾ?" ಸರ್ವೇಯರರು ಕಂಬ ಹಿಡಿದು ಎದ್ದೇಬಿಟ್ಟರು. "ಫುಟ್‌ರೆಸ್ಟ್ ಎರಡು ಇಂಚು ಇಳಿಸ್ಬಹುದು. ಇವಳಿಗೂ ಹಂಗೇ ಮಾಡಿದ್ದೆ. ತೋರಿಸ್ತೀನಿ ಇರಿ." ಒಂದು ಮೆಟ್ಟಿಲು ಇಳಿದರು. ಕಾಲು ನಡುಗಿತು, ಕೈ ಗಾಳಿಯಲ್ಲಿ ಗೋಡೆ ಹುಡುಕಿತು. ಹೆಂಡತಿ ಓಡಿಹೋಗಿ ತೋಳು ಹಿಡಿದರು. "ಬಿಡೇ, ಆ ಹೆಣ್ಮಗಳು ನೋವು ತಿಂದ್ಕೊಂಡು ಕೂರ್ಬೇಕಾ?" ಎನ್ನುತ್ತ ಅವರು ಎರಡನೆಯ ಮೆಟ್ಟಿಲಿಗೆ ಕಾಲು ಚಾಚಿದರು.

ಇಲ್ಲದ ಹೆಂಗಸಿನ ಮಂಡಿಗಾಗಿ ತಲೆಸುತ್ತಿನ ಮುದುಕರೊಬ್ಬರು ಬೀಳುವುದನ್ನು ಪವರಣ್ಣ ನೋಡಲಾರದೆ ಹೋದ.

"ಇಳೀಬೇಡಿ ಸಾರ್," ಅಂದ. "ಅವಳಿಲ್ಲ. ನನಗೆ ಯಾರೂ ಇಲ್ಲ. ಮದುವೇನೇ ಆಗಿಲ್ಲ. ನಾನು ಒಬ್ಬನೇ."

ಐವತ್ತೊಂದು ವರ್ಷದಲ್ಲಿ ಈ ಮಾತನ್ನು ಅವನು ಯಾರ ಎದುರಿಗೂ ಇಷ್ಟು ಗಟ್ಟಿಯಾಗಿ ಹೇಳಿರಲಿಲ್ಲ. ಸರ್ವೇಯರರು ಮೆಟ್ಟಿಲ ಮೇಲೇ ಕೂತರು. ಹೆಂಡತಿಯ ಮುಖ ನೋಡಿದರು, ಅವನ ಮುಖ ನೋಡಿದರು.

"ಅದನ್ನ ಮೊದ್ಲೇ ಹೇಳೋದಲ್ವೇನಯ್ಯಾ!" ಅಂದರು. "ಒಬ್ಬನಿಗೆ ಇದಕ್ಕಿಂತ ಒಳ್ಳೆ ಗಾಡಿ ಎಲ್ಲಿ ಸಿಗತ್ತೆ? ತಗೊಂಡ್ಹೋಗು. ಆದ್ರೆ ಆ ಒರಗು ಬಿಚ್ಚಿಬಿಡೋಣ, ಹಿಂದೆ ಯಾರೂ ಇಲ್ದಿದ್ರೆ ಅದು ಸುಮ್ನೆ ಭಾರ. ಏಯ್, ಸ್ಪ್ಯಾನರ್ ತಗೊಂಡ್ಬಾ."

ಹೆಂಡತಿ ಅನುಮಾನಿಸುತ್ತಲೇ ತಂದುಕೊಟ್ಟರು. ಪವರಣ್ಣ ಗಾಡಿಯನ್ನು ಮೆಟ್ಟಿಲ ಹತ್ತಿರಕ್ಕೆ ತಳ್ಳಿ ನಿಲ್ಲಿಸಿದ. ಸರ್ವೇಯರರು ಕೂತಲ್ಲಿಂದಲೇ ಬೋಲ್ಟಿಗೆ ಸ್ಪ್ಯಾನರು ಹಾಕಿದರು. ನಾಲ್ಕು ಬೋಲ್ಟು. ಒಂದೊಂದೇ ಸಡಿಲವಾಗಿ ಅವರ ಅಂಗೈಗೆ ಬರತೊಡಗಿತು. ಪವರಣ್ಣ ಸೀಟು ಹಿಡಿದುಕೊಂಡು ನೋಡುತ್ತ ನಿಂತ. ಭುಜದವರೆಗೆ ಬರುತ್ತಿದ್ದವಳು, ಕೆಂಪು ಬೇಡವೆಂದವಳು, ಆರು ವಾರ ಅವನ ಎದುರು ಊಟಕ್ಕೆ ಕೂತವಳು. ಇವತ್ತು ಮನೆಗೆ ಹೋದರೆ ಅವಳ ಹತ್ತಿರ ಜಗಳವಾಡಲು ಆಗುವುದಿಲ್ಲ. ಅವಳು ಹೋದಳೆಂದು ಯಾರಿಗೂ ಹೇಳಿಕೊಳ್ಳುವ ಹಾಗೂ ಇಲ್ಲ. ಮೂರನೆಯ ಬೋಲ್ಟು ಬರುವ ಹೊತ್ತಿಗೆ ಅವನ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು.

ಸರ್ವೇಯರರು ಸ್ಪ್ಯಾನರು ನಿಲ್ಲಿಸಿ ತಲೆಯೆತ್ತಿದರು. "ಹದಿನಾಲ್ಕು ವರ್ಷದ ಗಾಡಿ ಕಳ್ಕೊಳ್ತಿರೋನು ನಾನು," ಅಂದರು. "ಅಳೋದಾದ್ರೆ ನಾನು ಅಳ್ಬೇಕು. ನೀನ್ಯಾಕಯ್ಯಾ ಅಳ್ತೀಯ?"

ನಾಲ್ಕನೆಯ ಬೋಲ್ಟೂ ಬಿಚ್ಚಿ ಬಂತು. ಪವರಣ್ಣ ಕೈಚಾಚಿ ಒರಗನ್ನು ಇಸಿದುಕೊಂಡು ಎದೆಗೆ ಅವುಚಿಕೊಂಡ.