ಸಿಹಿ ತೋಳಿನ ಅಂಗಿ

"ಕುಂಡೆ ತೊಳೆಯೋಕೆ ಬರದ ಮುಂಡೇವೆಲ್ಲ ಮಕ್ಕಳನ್ನ ಯಾಕೆ ಹೆರ್ತೀರೋ," ಎನ್ನುತ್ತ ಕಂಪನಿ ಡಾಕ್ಟರು ಗಿಣಿಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ, ಆ ಬೆರಳನ್ನು ಮೇಜಿನ ಬಟ್ಟೆಗೆ ಒರೆಸಿಕೊಂಡರು. "ಹುಳ. ಈ ಮಾತ್ರೆ ಕೊಡು."

"ಇದು ಮೂರನೇ ಸಲ ಸ್ವಾಮಿ. ಒಂದು ಹುಳಾನೂ ಬೀಳಲಿಲ್ಲ."

"ಓಹೋ, ನೋಡಿದ್ಯಾ?"

"ಕಡ್ಡೀಲಿ ಕೆದಕಿ ನೋಡಿದೀನಿ. ಐದು ದಿನಕ್ಕೊಂದು ಸಲ ಹೋಗ್ತಾಳೆ. ಆಡಿನ ಹಿಕ್ಕೆ ಥರ."

"ಹಾಗಾದ್ರೆ ಈ ಕುರ್ಚೀಲಿ ನೀನೇ ಕೂತ್ಕೊಳ್ಳಮ್ಮ. ನಾನು ಹೋಗಿ ಬ್ಯಾಟರಿ ಒಡೀತೀನಿ."

ತಾಯಿ ಮಾತ್ರೆ ತೆಗೆದುಕೊಂಡು ಗಿಣಿಯನ್ನು ಹೊರಗೆ ಕರೆತಂದಳು. ನಾಲ್ವರು ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಹುಳದ ಮಗು ಹಲ್ಲು ಕಡಿಯುತ್ತದೆ, ಕೂತಲ್ಲಿ ಕೆರೆದುಕೊಳ್ಳುತ್ತದೆ. ಇವಳು ಎರಡನ್ನೂ ಮಾಡುವುದಿಲ್ಲ. ತಟ್ಟೆ ಕಂಡರೆ ಮುಖ ತಿರುಗಿಸುತ್ತಾಳೆ. ಅರಳು ಹುರಿದ ಹಾಗೆ ಮಾತಾಡುತ್ತಾಳೆಂದೇ ಇವಳಿಗೆ ಗಿಣಿ ಎಂಬ ಹೆಸರು ಬಿದ್ದದ್ದು. ಆರು ತುಂಬಿದೆ. ನಿನ್ನೆ ಬೆಳಿಗ್ಗೆ ಬಾಚಣಿಗೆ ಎತ್ತಿ ತೋರಿಸಿ, "ಅಮ್ಮಾ, ಇದು... ಇದು... ತಲೇದು," ಎಂದು ನಿಂತುಬಿಟ್ಟಿದ್ದಳು. ತಾಯಿ ನಕ್ಕು, ತಲೆ ಬಾಚಿ, ಆಮೇಲೆ ಹಿಂದಿನ ಗೋಡೆಗೆ ಆತುಕೊಂಡು ಕೂತಿದ್ದಳು.

ಹೊರಗೆ ಅಂಗಳದಲ್ಲಿ ಸುತ್ತಿಗೆಗಳ ಸದ್ದು. ಹಳೆಯ ಬ್ಯಾಟರಿಗಳನ್ನು ಒಡೆದು, ಆಸಿಡ್ ಬಸಿದು, ಒಳಗಿನ ಸೀಸದ ಹಲಗೆಗಳನ್ನು ಬಡಿದು ಬಿಡಿಸುವುದು ಹೆಂಗಸರ ಕೆಲಸ. ಬಡಿದಂತೆ ಬೂದು ಪುಡಿ ಏಳುತ್ತದೆ. ಅದಕ್ಕೇ ಎಲ್ಲರೂ ಮೈಮೇಲೆ ಗಂಡಸರ ಹಳೇ ಅಂಗಿ ತೊಡುತ್ತಾರೆ. ತಾಯಿಗೂ ಅಂಥವು ಎರಡು: ಒಂದು ಮೈಮೇಲೆ, ಇನ್ನೊಂದು ಗಿಣಿಯ ಕೈಲಿ. ತಾಯಿ ತೊಟ್ಟು ಬಿಟ್ಟ ಬಟ್ಟೆ ಮಗುವಿನ ಪಕ್ಕ ಇಟ್ಟರೆ ಅಮ್ಮನ ವಾಸನೆಗೆ ಅಳದೆ ಮಲಗುತ್ತದೆ ಎಂಬುದು ಅವಳ ಅವ್ವ ಹೇಳಿಕೊಟ್ಟ ಉಪಾಯ. ಗಿಣಿ ಆ ಅಂಗಿಯನ್ನು ಬಿಟ್ಟಿರುತ್ತಿರಲಿಲ್ಲ. ಈಗಲೂ ಅದರ ತೋಳು ಅವಳ ಬಾಯಲ್ಲಿತ್ತು.

ಗೇಟಿನ ಹತ್ತಿರ ಧಣಿಯ ಕಾರು ನಿಂತಿತ್ತು. ಅದರಿಂದ ಗಿಣಿಯಷ್ಟೇ ಎತ್ತರದ ಹುಡುಗಿಯೊಬ್ಬಳು ಧುಮುಕಿ, ಸೀಸ ಕರಗಿಸುವ ಕುಲುಮೆಯ ಕಡೆಯಿಂದ ಬರುತ್ತಿದ್ದ ಧಣಿಯತ್ತ ಓಡಿದಳು.

"ತಾತಾ!"

"ಏಯ್, ನಿಲ್ಲು, ಮುಟ್ಬೇಡ," ಧಣಿ ಎರಡು ಹೆಜ್ಜೆ ಹಿಂದೆ ಸರಿದರು. "ಮೈಯೆಲ್ಲ ವಿಷ. ಸ್ನಾನ ಮಾಡ್ಕೊಂಡು ಬರ್ತೀನಿ, ಆಮೇಲೆ ಎತ್ಕೋತೀನಿ ನನ್ನ ಬಂಗಾರಿ."

ಆಫೀಸಿನ ಪಕ್ಕ, ಬೀಗ ಹಾಕಿರುತ್ತಿದ್ದ ಕೋಣೆಯೊಳಗೆ ನೀರು ಸುರಿಯುವ ಸದ್ದು ಕೇಳಿಸಿತು. ಧಣಿ ಒದ್ದೆ ತಲೆಯಲ್ಲಿ, ಬೇರೆ ಬಟ್ಟೆ, ಬೇರೆ ಚಪ್ಪಲಿಯಲ್ಲಿ ಹೊರಬಂದು ಮೊಮ್ಮಗಳನ್ನು ಎತ್ತಿಕೊಂಡರು.

ತಾಯಿಯ ಕಿವಿಯಲ್ಲಿ ಒಂದೇ ಮಾತು ಉಳಿದಿತ್ತು: ವಿಷ. ಅವಳು ಗಿಣಿಯ ಬಾಯಿಂದ ತೋಳನ್ನು ಎಳೆದಳು.

"ಕೊಡಮ್ಮಾ. ಸಿಹಿ ಇದೆ."

"ಏನಂದೆ?"

"ಸಿಹಿ."

ತಾಯಿ ಸೀಸದ ಪುಡಿ ಮೆತ್ತಿದ್ದ ತೋಳಿನ ಅಂಚನ್ನು ನಾಲಿಗೆಗೆ ಮುಟ್ಟಿಸಿದಳು. ಸಿಹಿಯಿತ್ತು. ಎಷ್ಟು ರಾತ್ರಿ ತಾನೇ ಇದನ್ನು ಮಡಚಿ ಈ ಕೂಸಿನ ಕೆನ್ನೆ ಕೆಳಗಿಟ್ಟಿದ್ದಳು.

"ಧಣೀ, ವಿಷ ಅಂದ್ರಲ್ಲ."

"ಏಯ್ ಲೌಡಿ, ದೂರ ನಿಂತು ಮಾತಾಡು," ಮೇಸ್ತ್ರಿ ಅಡ್ಡ ಬಂದ. "ಸುತ್ತಿಗೆ ಹಿಡಿಯೋ ಹೊತ್ತಲ್ಲಿ ಏನೇ ನಿಂದು ಹರಟೆ?"

"ನನ್ನ ಮಗು ಇದನ್ನ ಚೀಪ್ತಾಳೆ ಧಣೀ. ಮಾತು ಮರೀತಾ ಇದಾಳೆ. ಏನು ಮಾಡ್ಲಿ ಹೇಳಿ."

ಧಣಿ ಡಾಕ್ಟರ ಕಡೆ ನೋಡಿದರು. ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. "ಹುಳ, ಸಾರ್. ಮಾತ್ರೆ ಕೊಟ್ಟಿದೀನಿ."

"ಕೇಳಿಸ್ತಲ್ಲ? ಹುಳ. ನಡಿ."

ತಾಯಿ ನಡೆದಳು. ಆದರೆ ಅಂಗಳದ ಕಡೆಗಲ್ಲ. ಹಿಂದಿನ ಬಾಗಿಲು ತೆರೆದೇ ಇದ್ದ ಕಾರಿನ ಹತ್ತಿರ ಹೋಗಿ, ಗಿಣಿ ಚೀಪುತ್ತಿದ್ದ ಅಂಗಿಯನ್ನು ಬಿಡಿಸಿ, ಎರಡೂ ತೋಳು ಅಗಲವಾಗಿ ಚಾಚಿ, ಸೀಟಿನ ಮೇಲೆ ಹಾಸಿದಳು.

"ಹುಳ ತಾನೇ? ಹತ್ತಿ ಧಣೀ. ಮೊಮ್ಮಗಳನ್ನೂ ಕೂರಿಸ್ಕೊಳ್ಳಿ."



"ತೆಗಿಯೋ ಅದನ್ನ," ಎಂದರು ಧಣಿ. ಮೇಸ್ತ್ರಿ ಡ್ರೈವರನ ಮುಖ ನೋಡಿದ. ಡ್ರೈವರ್ ಕೋಲು ಹುಡುಕಲು ಹೋದ.

"ಡಾಕ್ಟರೇ, ನೀವಾದ್ರೂ ತೆಗೀರಿ."

ಡಾಕ್ಟರು ಎರಡೂ ಕೈಗಳನ್ನು ಜೇಬಿಗಿಳಿಸಿ ಒಂದು ಮೆಟ್ಟಿಲು ಮೇಲೆ ಹತ್ತಿದರು.

ಅಂಗಳದಲ್ಲಿ ಒಂದು ಸುತ್ತಿಗೆ ನಿಂತಿತು. ಆಮೇಲೆ ಇನ್ನೊಂದು. ಸೀಸದ ಕೆಲಸದಲ್ಲೇ ಮಣಿಕಟ್ಟು ಸೋತು ಕೈ ಜೋತುಬಿದ್ದಿದ್ದ ಮುದುಕಿಯೊಬ್ಬಳು ತನ್ನ ಅಂಗಿಯ ಗುಂಡಿಗಳನ್ನು ಹಲ್ಲಲ್ಲಿ ಬಿಚ್ಚಿಕೊಳ್ಳುತ್ತ ಗೇಟಿನತ್ತ ಬಂದಳು. "ಎಲ್ಲಿ ಹಾಸ್ಬೇಕೇ ಮಗಳೇ, ಮುಂದಿನ ಸೀಟಿಗಾ?" ಅವಳ ಹಿಂದೆ ಉಳಿದವರು.

ಧಣಿಯ ತೋಳ ಮೇಲಿದ್ದ ಹುಡುಗಿ ಬಗ್ಗಿ, ಕೆಳಗೆ ನಿಂತಿದ್ದ ಗಿಣಿಯನ್ನು ನೋಡಿದಳು.

"ನಿನ್ ಹೆಸರೇನು?"

ಗಿಣಿ ಬಾಯಿ ತೆರೆದಳು. ಹುಡುಗಿಯನ್ನು ನೋಡಿದಳು, ಅಂಗಿಯನ್ನು ನೋಡಿದಳು, ಕೊನೆಗೆ ತಾಯಿಯ ಮುಖ ನೋಡಿದಳು.

ತಾಯಿ ಹೇಳಿಕೊಡಲಿಲ್ಲ. ಮಗಳಿಗೇ ತನ್ನ ಹೆಸರು ನೆನಪಾಗಲೆಂದು ಕಾದಳು.