ಕೋಣೆಯೊಳಗಿನ ಒಗೆಯುವ ಕಲ್ಲು

"ಆ ಬೆಂಚೂ ಎತ್ರಪ್ಪಾ, ಪೆಟ್ಟಿಗೆ ತಿರುಗೋಕೆ ಜಾಗ ಬೇಕಲ್ಲ!"

ಪೇಂಟರ್ ಕೂಗಿದ್ದಕ್ಕೆ ಮೂರನೇ ಕ್ಲಾಸಿನ ಕೊನೆಯ ಬೆಂಚನ್ನೂ ಇಬ್ಬರು ಎತ್ತಿ ಮೈದಾನಕ್ಕೆ ಸಾಗಿಸಿದರು. ಕೋಣೆ ಖಾಲಿಯಾಯಿತು. ಕಪ್ಪುಹಲಗೆಯ ಮೇಲೆ ನಿನ್ನೆಯ ಗುಣಾಕಾರ ಹಾಗೇ ಇತ್ತು. ಅದನ್ನು ಒರೆಸಬೇಕೋ ಬೇಡವೋ ತಿಳಿಯದೆ ದೊಡ್ಡ ಟೀಚರ್ ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದರು.

ಕೋಣೆಯ ಹಿಂಬಾಗಿಲು ದಾಟಿದರೆ ಕಲ್ಲಜ್ಜಿಯ ಅಡುಗೆಮನೆ. ಅದರಾಚೆ, ಹೊಲಿಗೆ ಯಂತ್ರವಿದ್ದ ನಡುಮನೆಯಲ್ಲಿ ಶವಪೆಟ್ಟಿಗೆಯೊಳಗೆ ಅಜ್ಜಿ ಮಲಗಿದ್ದಳು. ಬೀದಿಯ ಕಡೆಯಿಂದ ಹೊರತರಲು ಬೆಳಿಗ್ಗೆಯೇ ನೋಡಿಯಾಗಿತ್ತು. ಶಾಲೆಯ ಗೋಡೆಗೂ ಪಕ್ಕದ ಮನೆಗೂ ನಡುವೆ ಉಳಿದಿದ್ದ ಓಣಿಯಲ್ಲಿ ಒಬ್ಬರು ಮೈ ಓರೆ ಮಾಡಿಕೊಂಡು ನಡೆಯಬಹುದಿತ್ತು, ಅಷ್ಟೇ.

"ಜೀವಮಾನವೆಲ್ಲಾ ಈ ಓಣೀಲಿ ಹೊಟ್ಟೆ ಒಳಗೆಳ್ಕೊಂಡು ಓಡಾಡಿದ್ಳು," ಎದುರಿನ ಅಂಗಡಿಯಕ್ಕ ಕಣ್ಣೊರೆಸಿಕೊಂಡು ಹೇಳಿದಳು. "ಇವತ್ತಾದ್ರೂ ಠೀವಿಯಿಂದ ಸ್ಕೂಲೊಳಗಿಂದ ಹೋಗ್ಲಿ."

"ನಮ್ಮ ಜಾಗದಲ್ಲಿ ನಮ್ಮಮ್ಮನ್ನ ಕರ್ಕೊಂಡು ಹೋಗೋಕೆ ಟೀಚರ್ ಹತ್ರ ಬೀಗದ ಕೈ ಕೇಳ್ಬೇಕಾಯ್ತು," ಎಂದಳು ಅಜ್ಜಿಯ ಮಗಳು. ಅವಳು ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿಯ ಬಸ್ಸಿನಲ್ಲಿ ಬಂದಿದ್ದಳು. ಇನ್ನೂ ಅತ್ತಿರಲಿಲ್ಲ.

ಅವಳ ಮಾತು ಸುಳ್ಳಲ್ಲ. ಆ ಕೋಣೆಯ ಅರ್ಧ ಸರ್ಕಾರದ ನಿವೇಶನದಲ್ಲಿತ್ತು, ಇನ್ನರ್ಧ ಕಲ್ಲಜ್ಜಿಯ ಹಿತ್ತಲಿನಲ್ಲಿತ್ತು. ತನ್ನದಲ್ಲದ ಜಾಗಕ್ಕೆ ಇಲಾಖೆ ಹಣ ಕೊಡುವುದಿಲ್ಲ. ಹಾಗಾಗಿ ರಿಪೇರಿಗೆ ಬಂದವರೆಲ್ಲ ಕೋಣೆಯ ನಟ್ಟನಡುವೆ ಕೆಲಸ ನಿಲ್ಲಿಸಿ ಹೋಗುತ್ತಿದ್ದರು. ಮೇಲೆ ಮಾಡು ನೋಡಿದರೆ ಅರ್ಧ ಹೊಸ ಶೀಟು, ಅರ್ಧ ಹಳೆಯ ಹೆಂಚು. ಗೋಡೆ ಈ ಕಡೆ ಇಲಾಖೆಯ ತಿಳಿಹಳದಿ, ಆ ಕಡೆ ಅಜ್ಜಿ ತಾನೇ ಬಳಿದ ಸುಣ್ಣ. ಒಮ್ಮೆ ಪೇಂಟರಿನ ಬ್ರಷ್ಷು ಗೆರೆ ದಾಟಿ ನಾಲ್ಕು ಹನಿ ಹಳದಿ ಅಜ್ಜಿಯ ಕಡೆ ಸಿಡಿದಾಗ ಅವಳು ಚಾಕು ತಂದು ಅಷ್ಟನ್ನೂ ಹೆರೆದು ತೆಗೆದಿದ್ದಳು. ಮಕ್ಕಳಿಗೆ ಅದೆಲ್ಲ ಆಟ. ತಂಟೆ ಮಾಡಿದವನು ಸರ್ಕಾರದ ಕಡೆ, ಅಳುವವನು ಅಜ್ಜಿಯ ಕಡೆ. ಅಳುವವನಿಗೆ ಹಿಂಬಾಗಿಲಿನಿಂದ ಬಿಸ್ಕತ್ತು ಬರುತ್ತಿತ್ತು.

ಪೆಟ್ಟಿಗೆ ಹೊತ್ತವರು ಹೊಸ್ತಿಲು ದಾಟಿದರು. ಮುಂದಿದ್ದವನು ಎಡವಿದ. ಪೆಟ್ಟಿಗೆ ವಾಲಿತು. ಪೇಂಟರ್ ಓಡಿಬಂದು ಹೆಗಲು ಕೊಟ್ಟ.

"ನೋಡ್ಕೊಂಡು! ಅಲ್ಲಿ ಕಲ್ಲಿದೆ."

ಬಾಗಿಲ ಪಕ್ಕದಲ್ಲಿ, ನೆಲದಿಂದ ಮೇಲೆದ್ದು ಇಳಿಜಾರಾಗಿ ನಿಂತಿತ್ತು ಬಟ್ಟೆ ಒಗೆಯುವ ಕಲ್ಲು. ಮಕ್ಕಳು ಜಾರಿ ಜಾರಿ ಅದು ಕನ್ನಡಿಯ ಹಾಗೆ ನುಣುಪಾಗಿತ್ತು.

"ಅದನ್ನ ನಾಳೇನೇ ಕೀಳಿಸ್ತೀನಿ," ಮಗಳು ಹೇಳಿದಳು. "ಮನೆ ಕೊಳ್ಳೋಕೆ ಒಬ್ರು ಮುಂದೆ ಬಂದಿದಾರೆ. ಹಿತ್ತಲು ಪೂರ್ತಿ ಬಿಡಿಸಿಕೊಟ್ರೆ ಮಾತ್ರ ಅಂದಿದಾರೆ. ನಾನೂ ಎಷ್ಟು ದಿನ ಅಂತ ಬಾಡಿಗೆ ಮನೇಲಿ ಕೊಳೀಲಿ?"

ದೊಡ್ಡ ಟೀಚರ್ ಕೈಯಲ್ಲಿದ್ದ ಬಟ್ಟೆ ಹಿಂಡಿದರು. "ಪೂರ್ತಿ ಅಂದ್ರೆ... ಈ ಕೋಣೆನೂ?"

"ಅರ್ಧ ಕೋಣೆ. ನಿಮ್ಮರ್ಧ ನಿಮ್ಮ ಹತ್ರಾನೇ ಇರುತ್ತಲ್ಲ."

"ಗೋಡೆ ಒಡೆದ್ರೆ ಮಾಡು ಯಾತರ ಮೇಲೆ ನಿಲ್ಲುತ್ತಮ್ಮ?"

ಮಗಳು ಪೆಟ್ಟಿಗೆಯ ಹಿಂದೆ ಹೆಜ್ಜೆ ಹಾಕಿದಳು. ಪೆಟ್ಟಿಗೆ ಕೋಣೆಯ ನಡುವಿನ ಗೆರೆ ದಾಟಿ ಮೈದಾನಕ್ಕೆ ಇಳಿಯಿತು.

*

ಆಗ ಅವಳು ಅಜ್ಜಿಯಾಗಿರಲಿಲ್ಲ. ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಗಂಡ ಲಾರಿ ಓಡಿಸುತ್ತ ಊರೂರು ಸುತ್ತುತ್ತಿದ್ದ. ಮನೆಗೆ ಬೀಗ. ಪಕ್ಕದ ನಿವೇಶನದಲ್ಲಿ ಶಾಲೆ ಕಟ್ಟಲು ಹಣ ಬಂದದ್ದು ಅದೇ ಸಮಯಕ್ಕೆ. ವರ್ಷದೊಳಗೆ ಖರ್ಚಾಗದಿದ್ದರೆ ವಾಪಸ್ಸು ಹೋಗುವ ಹಣ. ಎಲ್ಲರಿಗೂ ಅವಸರ.

"ಗಡಿಕಲ್ಲಿಗೆ ಹಗ್ಗ ಕಟ್ಟು," ಎಂದು ಮೇಸ್ತ್ರಿ ಕೂಗಿದ. ಗಡಿಕಲ್ಲು ಪೊದೆಯೊಳಗೆ ಹೂತುಹೋಗಿತ್ತು. ಆಗಿನ್ನೂ ಕೂಲಿಯಾಳಾಗಿದ್ದ ಪೇಂಟರಿಗೆ ಕಂಡದ್ದು ಹಿತ್ತಲಿನಲ್ಲಿ ಎದ್ದು ಕಾಣುತ್ತಿದ್ದ ಇನ್ನೊಂದು ಕಲ್ಲು. ಅದಕ್ಕೇ ಕಟ್ಟಿದ.

ಕೂಸನ್ನು ಎತ್ತಿಕೊಂಡು ಅವಳು ಮರಳಿ ಬಂದಾಗ ಗೋಡೆ ಎದೆಯ ಮಟ್ಟಕ್ಕೆ ಎದ್ದಿತ್ತು. ಮಗುವನ್ನು ಒಳಗೆ ಮಲಗಿಸಿದಳು. ಬಕೆಟ್ಟಿನ ತುಂಬ ಮಗುವಿನ ಬಟ್ಟೆ ತುಂಬಿಕೊಂಡು ಹಿತ್ತಲಿಗೆ ಬಂದಳು. ನಿಂತು ನೋಡಿದಳು. ಆಮೇಲೆ ಬಾಗಿಲಿಗೆಂದು ಬಿಟ್ಟಿದ್ದ ಸಂದಿಯಲ್ಲಿ ಒಳಗೆ ಹೋಗಿ, ಕಲ್ಲಿನ ಮುಂದೆ ಕುಳಿತು ಬಟ್ಟೆ ಒಗೆಯತೊಡಗಿದಳು.

ಕೆಲಸದವರೆಲ್ಲ ಕರಣೆ ಕೆಳಗಿಟ್ಟರು.

"ಏನಮ್ಮಾ ಇದು? ಇದು ಸ್ಕೂಲು!"

"ಸ್ಕೂಲು ನಿಮ್ಮದಿರಬಹುದು. ಕಲ್ಲು ನಮ್ಮದು."

ಮೇಸ್ತ್ರಿ ಕಲ್ಲನ್ನು ನೋಡಿದ. ಅವಳ ಮನೆಯನ್ನು ನೋಡಿದ. ಹಗ್ಗ ಕಟ್ಟಿದವನನ್ನು ನೋಡಿದ. ಗಡಿ ತಪ್ಪಿದ್ದು ಮೇಸ್ತ್ರಿಗೆ ಆಗ ಹೊಳೆಯಿತು. "ಒಡೀರಿ ಅಂದ್ರೆ ಒಡೀತೀವಿ ತಾಯೀ. ಆದ್ರೆ ಅಷ್ಟರಲ್ಲಿ ಹಣ ವಾಪಸ್ ಹೋಗಿರುತ್ತೆ. ಮತ್ತೆ ಬರೋದು ಯಾವ ಕಾಲಕ್ಕೋ."

"ಅಲ್ಲೀತನಕ ಮಕ್ಕಳು?"

"ಮರದ ಕೆಳಗೆ. ಈಗಿನ ಥರಾನೇ."

ಅವಳು ಕೈಯಲ್ಲಿದ್ದ ಪುಟ್ಟ ಅಂಗಿಯನ್ನು ಹಿಂಡಿದಳು, ಜಾಡಿಸಿದಳು, ಅರ್ಧ ಎದ್ದ ಸರ್ಕಾರಿ ಗೋಡೆಯ ಮೇಲೆ ಒಣಗಲು ಹರವಿದಳು.

"ಕಟ್ಟಿ. ಒಗೆದ ನೀರು ಹೋಗೋಕೆ ಒಂದು ತೂತು ಬಿಡಿ. ಕಲ್ಲಿಗೆ ಮಾತ್ರ ಕೈ ಹಚ್ಚಬೇಡಿ."

ಮೇಸ್ತ್ರಿ ಕೋಣೆಯ ನೆಲಕ್ಕೆ ಸ್ವಲ್ಪ ಇಳಿಜಾರು ಕೊಟ್ಟ. ಎದುರು ಗೋಡೆಯ ಬುಡದಲ್ಲಿ ತೂತು ಬಿಟ್ಟ. ಶಾಲೆ ಶುರುವಾದ ಮೇಲೂ, ಮಕ್ಕಳು ಮನೆಗೆ ಹೋದ ನಂತರ ಅವಳು ಅಲ್ಲೇ ಒಗೆಯುತ್ತಿದ್ದಳು. ಮೂರನೇ ಕ್ಲಾಸಿಗೆ ಯಾವಾಗಲೂ ಸೋಪಿನ ವಾಸನೆ.

*

ಮಣ್ಣು ಮುಚ್ಚಿಯಾಗಿತ್ತು. ಜನ ಚದುರುತ್ತಿದ್ದರು. ಸ್ಮಶಾನದ ಗೇಟಿನ ಹತ್ತಿರ ಮರದ ನೆರಳಿನಲ್ಲಿ ದೊಡ್ಡ ಟೀಚರ್ ಮಗಳನ್ನು ತಡೆದು ನಿಲ್ಲಿಸಿದರು.

"ಇವತ್ತು ಕೇಳಬಾರದು, ಗೊತ್ತು. ಆದ್ರೂ ಕೇಳ್ತೀನಮ್ಮ, ಬೇರೆ ದಾರಿ ಇಲ್ಲ. ನಿಮ್ಮ ಆ ತುಂಡು ಜಾಗ ಇಲಾಖೆ ಹೆಸರಿಗೆ ಬಂದ್ರೆ ಪೂರ್ತಿ ಹೊಸ ಕಟ್ಟಡ ಕೊಡ್ತಾರಂತೆ. ಒಡೀಬೇಡಿ. ಬರೆದುಕೊಡಿ. ನಿಮ್ಮಮ್ಮನ್ನೂ ಎಷ್ಟು ಸಲ ಕೇಳಿದ್ದೆ. ನಕ್ಕು, ಟೀ ಕೊಟ್ಟು ಕಳಿಸ್ತಿದ್ರು."

"ನಿಮಗೆ ಟೀನಾದ್ರೂ ಕೊಟ್ಳು," ಮಗಳ ಸ್ವರ ಒಣಗಿತ್ತು. "ನಾನು ಕೇಳಿದಾಗ ಬೈದು ಕಳಿಸಿದ್ಳು. ನಿಮಗೂ ಬರೆದುಕೊಡ್ಲಿಲ್ಲ, ನನಗೂ ಬಿಡಿಸಿಕೊಡ್ಲಿಲ್ಲ. ಹೆಂಚು ಒಡೆದಾಗೆಲ್ಲಾ ಕಣ್ಣು ಕಿತ್ತು ಹೋಗೋ ಹಾಗೆ ಹೊಲಿದು ಹೊಲಿದು, ಆ ದುಡ್ಡಲ್ಲಿ ಮಾಡು ಹೊದಿಸಿದ್ಳು. ಹಠ. ಬರೀ ಹಠ."

"ಹಠಾನೇ," ಅಂಗಡಿಯಕ್ಕ ಹಿಂದಿನಿಂದ ಹೇಳಿದಳು. ಇಷ್ಟು ಹೊತ್ತು ಅವಳು ಚಪ್ಪಲಿಯ ಮಣ್ಣು ಕೊಡವುತ್ತಿದ್ದಳು. "ಯಾಕೆ ಅಂತ ಯಾವತ್ತಾದ್ರೂ ಕೂತು ಕೇಳಿದ್ಯೇನೇ ಮಗಾ? ಬರೋದು, ಗಡಿಯಾರ ನೋಡೋದು, ಹೋಗೋದು. ಟೀಚರಮ್ಮ ಅಂತೂ ಆಮೇಲೆ ಬಂದೋರು, ಅವ್ರಿಗೆ ಗೊತ್ತಿಲ್ಲ. ಇಲಾಖೆ ಸಾಹೇಬ್ರು ಬಂದ ದಿನ ನಾನು ಅಲ್ಲೇ ಇದ್ದೆ. ರವಿಕೆಗೆ ಗುಂಡಿ ಹಾಕಿಸೋಕೆ ಹೋಗಿದ್ದೆ."

*

ಆ ವರ್ಷ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದರು, ಮುಚ್ಚುತ್ತಾರೆಂಬ ಮಾತಿತ್ತು. ಇಲಾಖೆಯ ಸಾಹೇಬ ಓಣಿಯಲ್ಲಿ ಕಷ್ಟಪಟ್ಟು ತೂರಿಕೊಂಡು ಕಲ್ಲಜ್ಜಿಯ ನಡುಮನೆಗೆ ಬಂದ. ಅಂಗಿಯ ಎರಡೂ ತೋಳಿಗೆ ಸುಣ್ಣ ಮೆತ್ತಿತ್ತು. ಕುರ್ಚಿಯಲ್ಲಿ ಕುಳಿತು ಬಹಳ ನಯವಾಗಿ ಮಾತಾಡಿದ.

"ಒಂದು ಸಹಿ ಹಾಕಿಬಿಡಿ ತಾಯೀ. ಕೋಣೆಗೆ ಒಂದೇ ಮಾಡು, ಒಂದೇ ಬಣ್ಣ. ಮಕ್ಕಳಿಗೆ ಒಳ್ಳೇದು."

ಅವಳು ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ. "ಹಾಕಿದ ಮೇಲೆ ಜಾಗ ಯಾರದು?"

"ಸರ್ಕಾರದ್ದು."

"ಪೂರ್ತಿ?"

"ಪೂರ್ತಿ."

"ನಾಳೆ ಸರ್ಕಾರಕ್ಕೆ ಸ್ಕೂಲು ಬೇಡ, ಅಂಗಡಿ ಸಾಲು ಬೇಕು ಅನಿಸಿದ್ರೆ?"

ಸಾಹೇಬ ತೋಳಿನ ಸುಣ್ಣ ಕೊಡವಿಕೊಳ್ಳತೊಡಗಿದ. ಎಷ್ಟು ಕೊಡವಿದರೂ ಹೋಗಲಿಲ್ಲ. ಅವಳು ಯಂತ್ರ ನಿಲ್ಲಿಸಿದಳು.

"ಈಗ ಯಾಕೆ ಮಾರೋಕಾಗಲ್ಲ ಅಂತ ನಾನು ಹೇಳ್ಲಾ?" ಎಂದಳು. "ಅರ್ಧ ನಂದಿದೆ, ಅದಕ್ಕೆ. ನನ್ನ ಅರ್ಧದ ಹೆಂಚು ನಾನು ಹೊದಿಸ್ಕೋತೀನಿ. ನೀವು ಟೀ ಕುಡಿದು ಹೋಗಿ."

*

"ಬೀದಿ ಬೀದಿ ಸುತ್ತಿ, ಸ್ಕೂಲು ಬಿಟ್ಟ ಮಕ್ಕಳನ್ನ ಕಿವಿ ಹಿಡಿದು ಕರ್ಕೊಂಡು ಬಂದ್ಳು," ಅಂಗಡಿಯಕ್ಕ ಮುಂದುವರಿಸಿದಳು. "ಬಟ್ಟೆ ಇಲ್ಲ ಅಂದೋರಿಗೆ ಹೊಲಿದು ಕೊಟ್ಳು. ನನ್ನ ಮಗ ಓದಿದ್ದೂ ಹಾಗೇ. ಈಗ ಪೇಂಟರಿನ ಮೊಮ್ಮಗಳು ಅಲ್ಲೇ ಮೂರನೇ ಕ್ಲಾಸು. ಅಲ್ವೇನಪ್ಪಾ, ಹಗ್ಗದ ಪಂಡಿತ?"

"ಆ ಹಗ್ಗ ಸರಿ ಕಟ್ಟಿದ್ರೆ ಈಗ ಅಲ್ಲಿ ಸ್ಕೂಲೇ ಇರ್ತಿರ್ಲಿಲ್ಲ ಅಂತ ಅಜ್ಜಿನೇ ಹೇಳ್ತಿದ್ರು," ಪೇಂಟರ್ ನೆಲ ನೋಡುತ್ತ ಹೇಳಿದ. "ನಾಲ್ಕು ಹನಿ ಬಣ್ಣ ಸಿಡಿದಾಗ ಚಾಕು ತಂದು ಹೆರೆದ್ರಲ್ಲ, ನನಗೆ ಬೇಜಾರಾಗಿತ್ತು. ಆಗ ಹೇಳಿದ್ರು, ನಿನ್ ಮೇಲೆ ಸಿಟ್ಟಲ್ಲ ಮಗಾ, ಇವತ್ತು ಬಣ್ಣ ದಾಟುತ್ತೆ, ನಾಳೆ ಅವರು ದಾಟ್ತಾರೆ ಅಂತ."

ಮಗಳು ಗೇಟು ತಳ್ಳಿದಳು. ಆಮೇಲೆ ಎಲ್ಲರಿಗಿಂತ ಮುಂದೆ ಬಿರಬಿರನೆ ನಡೆದಳು.

ಮಧ್ಯಾಹ್ನ ಪೇಂಟರ್ ಬೆಂಚುಗಳನ್ನು ಒಳಗೆ ತರತೊಡಗಿದ. ಹಿಂಬಾಗಿಲು ತೆರೆಯಿತು. ಮಗಳು ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಅಮ್ಮನ ಹಾಸಿಗೆಯ ಬಟ್ಟೆ, ಹೊದಿಕೆ, ದಿಂಬಿನ ಚೀಲ ಹಿಡಿದು ಒಳಗೆ ಬಂದಳು.

"ಅಣ್ಣಾ, ಬೆಂಚು ಸ್ವಲ್ಪ ಹೊತ್ತು ಹೊರಗೇ ಇರ್ಲಿ. ಒದ್ದೆ ಆಗುತ್ತೆ."

ಅವಳು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಹೊದಿಕೆಗೆ ಸೋಪು ಹಚ್ಚಿ, ಎತ್ತಿ ಒಗೆದಳು. ಖಾಲಿ ಕೋಣೆಯಲ್ಲಿ ಆ ಸದ್ದು ದೊಡ್ಡದಾಗಿ ಕೇಳಿಸಿತು. ಇನ್ನೊಮ್ಮೆ ಎತ್ತಿ ಒಗೆದಳು. ಮೂರನೆಯ ಸಲಕ್ಕೆ ಅವಳ ಹೆಗಲು ಅಲುಗತೊಡಗಿತು. ಕೈ ನಿಲ್ಲಲಿಲ್ಲ.

ದೊಡ್ಡ ಟೀಚರ್ ಮೈದಾನದ ಕಡೆಯ ಬಾಗಿಲಿನಲ್ಲಿ ನಿಂತಿದ್ದರು. ಮೆಲ್ಲನೆ ಕೇಳಿದರು.

"ನಾಳೆ ಮಕ್ಕಳನ್ನ ಇಲ್ಲೇ ಕೂರಿಸ್ಲಾ?"

"ಇಲ್ಲಲ್ದೆ ಮತ್ತೆಲ್ಲಿ?" ಅವಳು ಮೊಣಕೈಯಿಂದ ಮುಖ ಒರೆಸಿಕೊಂಡಳು. "ಬೇಕಿದ್ರೆ ಮನೆ ಮಾತ್ರ ತಗೊಳ್ಳಿ, ಕೋಣೆ ಕೊಡಲ್ಲ ಅಂತೀನಿ ಮನೆ ಕೊಳ್ಳೋರಿಗೆ. ನಿಮಗೂ ಬರೆದುಕೊಡಲ್ಲ ಟೀಚರ್."

"ಬೇಡಮ್ಮ," ಎಂದರು ದೊಡ್ಡ ಟೀಚರ್. "ಬರೆದುಕೊಡ್ಬೇಡಿ."

"ಅವರು ಒಪ್ಪದಿದ್ರೆ?" ಎಂದ ಪೇಂಟರ್.

"ಬಾಡಿಗೆ ಮನೆಯವರು ಇನ್ನೂ ನನ್ನ ಓಡಿಸಿಲ್ಲಣ್ಣ. ಈ ಕಡೆ ಹೆಂಚು ಎಲ್ಲೆಲ್ಲಿ ಸೋರುತ್ತೆ, ಸ್ವಲ್ಪ ತೋರಿಸಿ."

ಅವಳು ಬಕೆಟ್ಟಿನ ನೀರನ್ನು ಕಲ್ಲಿನ ಮೇಲೆ ಸುರಿದಳು. ನೊರೆ ಕಲ್ಲಿನಿಂದ ಜಾರಿತು. ಹಳೆಯ ಇಳಿಜಾರನ್ನು ಹಿಡಿದು ಸುಣ್ಣದ ಗೋಡೆಯ ಕಡೆಯಿಂದ ಹಳದಿ ಗೋಡೆಯ ಕಡೆಗೆ ಹರಿಯಿತು, ನಡುವೆ ಎಲ್ಲೂ ನಿಲ್ಲಲಿಲ್ಲ. ಎದುರು ಗೋಡೆಯ ಬುಡದ ತೂತಿನಲ್ಲಿ ಮಕ್ಕಳು ಸೀಮೆಸುಣ್ಣದ ಚೂರುಗಳನ್ನು ತುರುಕಿದ್ದರು. ನೀರು ಅಲ್ಲಿ ಒಂದು ಕ್ಷಣ ಮಡುಗಟ್ಟಿತು. ಪೇಂಟರ್ ಬಗ್ಗಿ ಬೆರಳಿನಿಂದ ತೂತನ್ನು ಬಿಡಿಸಿದ. ಬಿಳಿ, ಕೆಂಪು, ನೀಲಿ ಚೂರುಗಳನ್ನು ಹೊತ್ತುಕೊಂಡು ನೀರು ಮೈದಾನಕ್ಕೆ ಇಳಿಯಿತು.