ಹೊತ್ತು ತಪ್ಪಿದ ಗಂಟೆ

ಗಂಟೆಯ ಮೋಟಾರಿಗೆ ಎಪ್ಪತ್ತು ಸಾವಿರ, ಅದನ್ನು ನಡೆಸುವ ಅಂಗೈಯಗಲದ ಕಂಪ್ಯೂಟರಿಗೆ ಎಂಟು. ಇಷ್ಟು ಸುರಿದ ಮೇಲೂ ಮಧ್ಯಾಹ್ನ ಹನ್ನೆರಡರ ಪ್ರಾರ್ಥನೆಯ ಗಂಟೆ ಎರಡೂವರೆಗೆ ಹೊಡೆದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಉದ್ಯಾವರದ ಆಚೆಗಿನ ಆ ಸಣ್ಣ ಇಗರ್ಜಿಯ ಮೇಲ್ವಿಚಾರಣೆ ನೋಡುವ ಲಿಡ್ವಿನ್‌ಗೆ ಸಿಟ್ಟಿಗಿಂತ ಮೊದಲು ಬಂದದ್ದು ಅನುಮಾನ. ವರ್ಷಾನುಗಟ್ಟಲೆ ಹಗ್ಗ ಎಳೆದು ಗಂಟೆ ಹೊಡೆದ ಸಿರಿಲ್‌ಗೆ ಈಗ ಉಳಿದದ್ದು ಗುಡಿಸುವುದು, ಬಾಗಿಲು ತೆರೆಯುವುದು ಮಾತ್ರ. ಕೈಯಿಂದ ಹಗ್ಗ ಹೋದವನು ಸುಮ್ಮನಿರುತ್ತಾನೆಯೇ?

ಮತ್ತೊಮ್ಮೆ ಹಾಗಾದಾಗ, ಬಲಿಪೂಜೆ ಮುಗಿಸಿ ಬಂದವರೆಲ್ಲ ಅಂಗಳದಲ್ಲಿ ನಿಂತಿದ್ದಂತೆಯೇ ಲಿಡ್ವಿನ್ ಗೋಪುರದ ಕೀ ವಾಪಸು ಕೇಳಿದರು. ಸಿರಿಲ್ ಕೊಟ್ಟು ಹೋದ. ಮರುದಿನ ಕೆಲಸಕ್ಕೆ ಬರಲಿಲ್ಲ. ಮನಸ್ಸಿನಲ್ಲಿ ಹುಳುಕಿಲ್ಲದವನು ಯಾಕೆ ಓಡಿಹೋಗಬೇಕು ಎಂದು ಲಿಡ್ವಿನ್ ಮನೆಯಲ್ಲಿ ಹೇಳಿಕೊಂಡರು.

ಆದರೆ ಮುಂದಿನ ವಾರ ಮತ್ತೆ ಗಂಟೆ ಹೊತ್ತು ತಪ್ಪಿತು. ಇನ್ನೊಂದು ಕೀ ಮಾಡಿಸಿಕೊಂಡಿರಬೇಕು ಎಂದುಕೊಂಡ ಲಿಡ್ವಿನ್, ಮಣಿಪಾಲದಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನೆರೆಮನೆಯ ಮೆಲಿಷಾಳನ್ನು ಗೋಪುರಕ್ಕೆ ಕರೆತಂದರು. ಕಳ್ಳನನ್ನು ಹಿಡಿಯಲೇಬೇಕಿತ್ತು.

ಅವಳು ಲ್ಯಾಪ್‌ಟಾಪ್ ಜೋಡಿಸಿ ಬಹಳ ಹೊತ್ತು ಓದಿದಳು.

"ಯಾರೂ ಕೈ ಹಾಕಿಲ್ಲ ಅಂಕಲ್. ಪ್ರತಿ ಸಲವೂ ಕರೆಂಟ್ ಒಮ್ಮೆಲೇ ಹೋಗಿ, ಬಹಳ ಹೊತ್ತಿನ ಮೇಲೆ ಬಂದದ್ದು ಉಂಟು."

ಲಿನಕ್ಸ್ ಹಾಕಿದ ಆ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗೆ ಸ್ವಂತ ಗಡಿಯಾರವಿಲ್ಲ ಎಂದು ಅವಳು ವಿವರಿಸಿದಳು. ಆರಿ ಹೊತ್ತಿಕೊಂಡಾಗ ಅದು ಆರಿದ ಹೊತ್ತನ್ನೇ ಈಗಿನ ಹೊತ್ತೆಂದು ನಂಬುತ್ತದೆ. ಇಂಟರ್ನೆಟ್ಟಿನಿಂದ ಸರಿಯಾದ ಸಮಯ ಬರಲು ಸ್ವಲ್ಪ ತಡ. ಆದರೆ ಪೆಟ್ಟಿಗೆ ಎಚ್ಚರವಾಗುವಾಗ ಓಡುವ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಅಷ್ಟೂ ಕಾಯದೆ ಗಂಟೆಯ ಪ್ರೋಗ್ರಾಮನ್ನು ಶುರು ಮಾಡಿಬಿಡುತ್ತದೆ. ಅದು ಹಳೆಯ ಹೊತ್ತಿನಿಂದಲೇ ಎಣಿಸುತ್ತದೆ. ಸಮಯ ಬರುವ ತನಕ ಕಾಯುವಂತೆ ಅವಳು ಒಂದು ಸಾಲು ಸೇರಿಸಿದಳು.

"ಅದು ಸರಿಯಾಯಿತು. ಆದರೆ ಇನ್ವರ್ಟರ್ ಉಂಟಲ್ವಾ? ಮತ್ತೆ ಕರೆಂಟ್ ಹೇಗೆ ಹೋಗ್ತದೆ? ಯಾರೋ ಮೈನ್ ಆಫ್ ಮಾಡ್ತಾರೆ," ಎಂದಳು ಮೆಲಿಷಾ.

"ಅದೇ ನಾನು ಹೇಳುವುದು," ಎಂದರು ಲಿಡ್ವಿನ್. "ಅವನೇ."

ಆಗ ಪೂರ್ವದ ಕಡೆ ಗುಡುಗು ಉರುಳಿತು. ಗುಡುಗಿದಾಗಲೆಲ್ಲ ಮಾಡುವಂತೆ ಲಿಡ್ವಿನ್ ಯೋಚಿಸದೆ ಎದ್ದು, ಗೋಡೆಯ ಮೇಲಿನ ಮೈನ್ ಸ್ವಿಚ್ ಇಳಿಸಿ, ಇನ್ವರ್ಟರನ್ನೂ ಆರಿಸಿದರು. ಸಿಡಿಲಿಗೆ ಹೆದರಿ ಆ ಕಡೆಯ ಎಲ್ಲರೂ ಮನೆಯಲ್ಲಿ ಮಾಡುವುದು ಅದನ್ನೇ. ತಿರುಗಿದಾಗ ಮೆಲಿಷಾ ಅವರ ಕೈಯನ್ನೇ ನೋಡುತ್ತಿದ್ದಳು.

"ಸಿಡಿಲು ಬಡಿದರೆ ಎಪ್ಪತ್ತು ಸಾವಿರದ ಸಾಮಾನು, ಮಾರಾಯ್ತಿ," ಎಂದರು ಲಿಡ್ವಿನ್. ಸ್ವರ ಅರ್ಧಕ್ಕೇ ಇಳಿದಿತ್ತು.

ಸಂಜೆ ಅವರು ಸಿರಿಲ್‌ನ ಮನೆಗೆ ಹೋದರು. ಅವನು ಹೊಸದಾಗಿ ಸೇರಿದ್ದ ಸಂತೆಕಟ್ಟೆಯ ಫ್ಲಾಟೊಂದರ ವಾಚ್‌ಮನ್ ಅಂಗಿ ತಂತಿಯ ಮೇಲೆ ಒಣಗುತ್ತಿತ್ತು. ತಪ್ಪು ತನ್ನದೆಂದು ಲಿಡ್ವಿನ್ ಒಪ್ಪಿಕೊಂಡರು, ಬರುವ ಭಾನುವಾರ ಎಲ್ಲರ ಎದುರೂ ಹೇಳುತ್ತೇನೆಂದರು, ಕೆಲಸಕ್ಕೆ ಬಾ ಎಂದು ಕರೆದರು. ಸಿರಿಲ್ ಕುರ್ಚಿ ಕೊಟ್ಟ, ಚಾ ತರಿಸಿದ.

"ಬೇಡ, ಲಿಡ್ವಿನ್‌ಬಾಬ್," ಎಂದ. "ಆ ಫ್ಲಾಟಿನಲ್ಲಿ ಎಂತದಾದರೂ ಹೆಚ್ಚುಕಡಿಮೆ ಆದರೆ ಅಲ್ಲಿಯವರು ಮೊದಲು ನನ್ನ ಮುಖ ನೋಡುವುದಿಲ್ಲ."

ಲಿಡ್ವಿನ್ ಹೇಳಿದಂತೆಯೇ ಮಾಡಿದರು. ಆದರೆ ಆ ಭಾನುವಾರ ಸಿರಿಲ್‌ನ ಮನೆಯವರು ಕೂರುತ್ತಿದ್ದ ಬೆಂಚು ಖಾಲಿಯಿತ್ತು. ಅವರು ಬೆಳಗಿನ ಬಸ್ಸಿಗೆ ಕಲ್ಯಾಣಪುರದ ಇಗರ್ಜಿಗೆ ಹೋದರೆಂದು ಯಾರೋ ಹೇಳಿದರು. ಗಂಟೆ ಈಗ ಹೊತ್ತಿಗೆ ಸರಿಯಾಗಿ ಹೊಡೆಯುತ್ತದೆ. ಇಗರ್ಜಿಗೆ ಒಂದು ಮನೆ ಕಡಿಮೆಯಾಯಿತು.